ಸಹಾಯ ಬೇಕು: ಮ್ಯೂಸಿಯಂ ಸಂಜೆ ಕಾರ್ಯಕ್ರಮಕ್ಕೆ ಬೆಳಕು ಹೇಗೆ ಮಾಡುವುದು?

ಎಲ್ಲರಿಗೂ ನಮಸ್ಕಾರ. ಹೊಸ ಚಿತ್ರಪ್ರದರ್ಶನ ಶುರುವಾಗುವ ದಿನ, ಮ್ಯೂಸಿಯಂ ಬಾಗಿಲು ಮುಚ್ಚಿದ ಮೇಲೆ, ಅಲ್ಲೇ ಒಂದು ಸಂಜೆ ಕಾರ್ಯಕ್ರಮ ಇದೆ. ಸಂಗೀತ, ತಿಂಡಿ, ಕಲಾವಿದರ ಜೊತೆ ಮಾತು. ವ್ಯವಸ್ಥೆಯೆಲ್ಲ ನನ್ನ ತಲೆ ಮೇಲೆ ಬಿದ್ದಿದೆ.

ತೊಂದರೆ ಬೆಳಕಿನದು. ಎಲ್ಲವೂ ಕಾಗದದ ಮೇಲಿನ ಜಲವರ್ಣ ಚಿತ್ರಗಳು. ಇವಕ್ಕೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವ ಅಳತೆ). ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲವಲ್ಲ! ಆದರೆ ಅಷ್ಟು ಮಂದ ಬೆಳಕಿನಲ್ಲಿ ವಯಸ್ಸಾದವರು ಎಡವಬಹುದು, ಅಲ್ವಾ? ಚಿತ್ರಕ್ಕೆ ತಾಗದೆ ನೆಲಕ್ಕೆ ಮಾತ್ರ ಬೀಳುವ ಹಾಗೆ ದೀಪ ಹಾಕಿದವರು ಯಾರಾದರೂ ಇದ್ದೀರಾ?

ತಿಂಡಿ ಹೊರಗಿನ ಹಾಲ್‌ನಲ್ಲೇ, ಅದರಲ್ಲಿ ರಾಜಿ ಇಲ್ಲ. ಇನ್ನೊಂದು, ಜನ ತುಂಬಿದರೆ ಒಳಗೆ ತೇವಾಂಶ ಏರುತ್ತದೆ, ಕಾಗದದ ಚಿತ್ರಗಳಿಗೆ ಅದು ಒಳ್ಳೆಯದಲ್ಲ. ಹಾಗಾಗಿ ಜನರನ್ನು ತಂಡ ತಂಡವಾಗಿ ಒಳಗೆ ಬಿಡುವುದನ್ನು, ಯಾರಿಗೂ ಬೇಜಾರಾಗದ ಹಾಗೆ, ಹೇಗೆ ನಿಭಾಯಿಸುತ್ತೀರಿ?