ಸಹಾಯ ಬೇಕು: ತಿವೋಲಿಯ ನೀರಿನ ಆರ್ಗನ್

ನಮಸ್ಕಾರ. ಸೆಮಿನಾರಿಗೆ ರೋಮ್ ಹತ್ತಿರದ ತಿವೋಲಿಯ ವಿಲ್ಲಾ ದೆಸ್ತೆ ತೋಟದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

1550ರಲ್ಲಿ ಅಲ್ಲಿಗೆ ಗವರ್ನರ್ ಆದ ಕಾರ್ಡಿನಲ್ (ಪೋಪ್‌ಗಿಂತ ಕೆಳಗಿನ ದೊಡ್ಡ ಧರ್ಮಾಧಿಕಾರಿ) ಇಪ್ಪೊಲಿತೊ ದೆಸ್ತೆಗೆ ಪೋಪ್ ಆಗುವ ಆಸೆ ಜಾಸ್ತಿ. ಅದು ಕೈಗೂಡಲಿಲ್ಲ. ಆದರೆ ಅನಿಯೆನೆ ನದಿಯ ನೀರನ್ನು ತೋಟಕ್ಕೆ ತಿರುಗಿಸಿ, ನೀರಿನಿಂದಲೇ ನುಡಿಯುವ ಆರ್ಗನ್ (ಕೊಳವೆಗಳಲ್ಲಿ ಗಾಳಿ ಹಾಯ್ದು ನುಡಿಯುವ ದೊಡ್ಡ ವಾದ್ಯ) ಕಟ್ಟಿಸಿದ. ಬೀಳುವ ನೀರು ಕೊಳವೆಗಳಿಗೆ ಗಾಳಿ ನೂಕುತ್ತದೆ, ಹಲ್ಲಿರುವ ಉರುಳೆಯನ್ನೂ ತಿರುಗಿಸುತ್ತದೆ; ಆ ಹಲ್ಲುಗಳೇ ವಾದ್ಯದ ಕೀಲಿಗಳನ್ನು ಒತ್ತುತ್ತವೆ. ವಾದಕನೇ ಬೇಡ! ಇಷ್ಟು ಅರ್ಥವಾಯಿತು.

ತೋಟದ ನಕ್ಷೆ, ಹಳೆಯ ಚಿತ್ರ ಎಲ್ಲ ನೋಡಿದೆ. ಗೊಂದಲ ಹೋಗಲಿಲ್ಲ. 1567ರಿಂದ 1571ರವರೆಗೆ ಪ್ಯಾಲೆಸ್ಟ್ರಿನಾನಂಥ ದೊಡ್ಡ ಸಂಗೀತಗಾರ ಈ ಕಾರ್ಡಿನಲ್‌ನ ಸಂಬಳದಲ್ಲೇ ಇದ್ದ, ಅಲ್ವಾ? ಹಾಗಿದ್ದೂ ಅತಿಥಿಗಳ ಮುಂದೆ ಯಂತ್ರ ಯಾಕೆ? ಸುಮ್ನೆ ಬೆರಗು ಹುಟ್ಟಿಸಲಿಕ್ಕಾ, ಇಲ್ಲಾ ನದಿಯೂ ನನ್ನ ಮಾತು ಕೇಳುತ್ತದೆ ಎಂದು ತೋರಿಸಲಿಕ್ಕಾ? ಇವೆರಡರಲ್ಲಿ ಯಾವುದನ್ನು ಮುಂದಿಟ್ಟು ಬರೆಯಲಿ?