ಮೀನಿನ ಮೂಗಿಗೆ ತೂರಿಸಿದ ಕಡ್ಡಿ ಬಾಯಿಗೆ ಏಕೆ ಬರಲಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳಿಗೆ ತೋರಿಸುವ ಮೊದಲು ನಾನೇ ನೋಡೋಣವೆಂದು ಸಂತೆಯಿಂದ ತಂದ ಕಾಟ್ಲಾ ಮೀನಿನ ಹೊರಳೆಗೆ ಪೊರಕೆ ಕಡ್ಡಿ ತೂರಿಸಿದೆ. ತುಸು ಒಳಗೆ ಹೋಗಿ ನಿಂತಿತೇ ಹೊರತು ಬಾಯಿಗೆ ಬರಲಿಲ್ಲ. ಉಸಿರಾಟಕ್ಕೆ ಬಾರದ ಮೂಗು ಮೀನಿಗೆ ಏಕೆ? ಆದಿಮ ಮೀನುಗಳಲ್ಲೂ ಹೀಗೆಯೇ ಇತ್ತೇ?

ಉತ್ತರ: ನಮಸ್ಕಾರ ಮೇಷ್ಟ್ರೇ. ಕಡ್ಡಿ ಸರಿಯಾದ ಜಾಗದಲ್ಲೇ ನಿಂತಿದೆ. ಮೂಗು ಎಂದರೆ ಉಸಿರಿನ ದಾರಿ ಎಂಬುದು ನೆಲದ ಮೇಲೆ ಬದುಕುವ ನಮ್ಮ ಲೆಕ್ಕಾಚಾರ. ಮೂಗು ಮೊದಲು ಹುಟ್ಟಿದ್ದು ವಾಸನೆಗಾಗಿ. ಉಸಿರಾಟದ ಕೆಲಸ ಅದರ ಹೆಗಲೇರಿದ್ದು ಬಹಳ ತಡವಾಗಿ. ಕಾಟ್ಲಾದ ಮೂಗನ್ನು ಇನ್ನೊಮ್ಮೆ ನೋಡಿ. ಒಂದೊಂದು ಬದಿಯಲ್ಲೂ ಎರಡು ತೂತು, ನಡುವೆ ಚರ್ಮದ ಸಣ್ಣ ಪರದೆ. ಮುಂದಿನ ತೂತಿನಿಂದ ಒಳಬಂದ ನೀರು ಹಿಂದಿನದರಿಂದ ಹೊರಗೆ ಹೋಗುತ್ತದೆ. ನಡುವಿನ ಗುಳಿಯಲ್ಲಿ ಮಡಿಕೆ ಮಡಿಕೆಯಾದ ಘ್ರಾಣ ಪದರವಿದೆ. ನೀರಿನಲ್ಲಿ ಕರಗಿದ ಅಮೈನೋ ಆಮ್ಲ, ಪಿತ್ತದ ಲವಣಗಳಂಥವನ್ನು ಅದು ಹಿಡಿಯುತ್ತದೆ. ಉಸಿರಾಟವೆಲ್ಲ ಬಾಯಿ ಮತ್ತು ಕಿವಿರುಗಳದ್ದು.

ಆದಿಮ ಮೀನಿನ ಕಥೆ ಇದಕ್ಕಿಂತ ಸೊಗಸಾಗಿದೆ. ದವಡೆಯಿಲ್ಲದ ಮೀನುಗಳಲ್ಲಿ ಇಂದಿಗೂ ಉಳಿದಿರುವ ಗುಂಪುಗಳು ಎರಡೇ: ಲ್ಯಾಂಪ್ರೇ ಮತ್ತು ಹ್ಯಾಗ್‌ಫಿಶ್. ಎರಡಕ್ಕೂ ಒಂದೇ ಹೊರಳೆ. ಲ್ಯಾಂಪ್ರೇಯದು ನೆತ್ತಿಯ ಮೇಲಿದೆ. ಹೊರಗೆ ತೂತು ಒಂದೇ ಆದರೂ ಮಿದುಳಿಗೆ ಹೋಗುವ ಘ್ರಾಣ ನರಗಳು ಮಾತ್ರ ಎರಡು! ಭ್ರೂಣದಲ್ಲಿ ಮೂಗು ಮತ್ತು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎರಡರ ಮೂಲ ಅಂಗಾಂಶವೂ ತಲೆಯ ನಡುವೆ ಒಂದೇ ಗಂಟಾಗಿ ಕುಳಿತಿರುತ್ತದೆ. ಮೇಲ್ದವಡೆಯಾಗಬೇಕಾದ ಜೀವಕೋಶಗಳು ಮುಂದಕ್ಕೆ ಬರಲು ಆ ಗಂಟೇ ಅಡ್ಡಿ. ಮೂಗು ಎರಡಾಗಿ ಅಕ್ಕಪಕ್ಕಕ್ಕೆ ಸರಿದು, ಗ್ರಂಥಿಯಿಂದ ಬೇರ್ಪಟ್ಟರೆ ತಾನೇ ದವಡೆಗೆ ದಾರಿ?

ಇದು ಬರೀ ಊಹೆಯಲ್ಲ. ಚೀನಾದಲ್ಲಿ ಸಿಕ್ಕ ಶುಯು ಎಂಬ ಸುಮಾರು 43 ಕೋಟಿ ವರ್ಷ ಹಳೆಯ ಮೀನಿಗೆ ದವಡೆಯಿರಲಿಲ್ಲ. ಅದರ ಪುಟ್ಟ ತಲೆಬುರುಡೆಯನ್ನು ಸಿಂಕ್ರೊಟ್ರಾನ್ ಎಂಬ ಯಂತ್ರದ ಅತಿ ಪ್ರಖರ ಕ್ಷ-ಕಿರಣಗಳಿಂದ ನೋಡಿದಾಗ ಒಳಗೆ ಎರಡು ಪ್ರತ್ಯೇಕ ಮೂಗಿನ ಚೀಲಗಳು ಕಂಡವು. 2011ರಲ್ಲಿ ಪ್ರಕಟವಾದ ಸಂಶೋಧನೆ ಇದು. ದವಡೆ ಬರುವ ಮೊದಲೇ ಮೂಗು ಜಾಗ ಬಿಟ್ಟುಕೊಟ್ಟಿತ್ತು. ನನ್ನನ್ನು ಕೇಳಿದರೆ, ದವಡೆಯ ಪಾಠವನ್ನು ಮೂಗಿನಿಂದಲೇ ಆರಂಭಿಸಬೇಕು.

ಮರುಪ್ರಶ್ನೆ: ಹಾಗಾದರೆ ನಮ್ಮ ಮೂಗು ಗಂಟಲಿಗೆ ಕೂಡಿಕೊಂಡದ್ದು ಯಾವಾಗ?

ಉತ್ತರ: ಇದಕ್ಕೂ ಚೀನಾದ್ದೇ ಸಾಕ್ಷಿ. ಯುನ್ನಾನ್ ಪ್ರಾಂತ್ಯದ ಕೆನಿಕ್ಥಿಸ್ ಎಂಬ ಮೀನು ಸುಮಾರು 39.5 ಕೋಟಿ ವರ್ಷ ಹಳೆಯದು. ಅದರ ಹಿಂದಿನ ಹೊರಳೆ ಕೆನ್ನೆಯಲ್ಲೂ ಇಲ್ಲ, ಅಂಗುಳಲ್ಲೂ ಇಲ್ಲ. ಮೇಲ್ದವಡೆಯ ಎರಡು ಮೂಳೆಗಳ ಸಂದಿನಲ್ಲಿ, ಹಲ್ಲಿನ ಸಾಲಿನ ನಡುವೆಯೇ ತೆರೆದಿದೆ. ಬಾಯೊಳಗೆ ಹೊರಟ ತೂತು ಹೊಸ್ತಿಲ ಮೇಲೆ ನಿಂತಂತೆ! ಅಂದರೆ ನಿಮ್ಮ ಕಾಟ್ಲಾದ ಹಿಂದಿನ ಹೊರಳೆಯೇ ನಮ್ಮಲ್ಲಿ ಒಳಹೊರಳೆ, ಅಂದರೆ ಮೂಗು ಗಂಟಲಿಗೆ ತೆರೆಯುವ ತೂತು, ಆಗಿದೆ.

ಮೀನಿನ ಮೂಗು ಉಸಿರಿಗಲ್ಲ ಎಂದೆನಲ್ಲ, ಅದಕ್ಕೆ ಒಂದು ಅಪವಾದ ಹೇಳಲೇಬೇಕು. ಹ್ಯಾಗ್‌ಫಿಶ್‌ನ ಒಂಟಿ ಮೂಗು ಗಂಟಲಿಗೆ ತೆರೆದುಕೊಳ್ಳುತ್ತದೆ, ಉಸಿರಾಟದ ನೀರು ಅಲ್ಲಿಂದಲೇ ಒಳಹೋಗುತ್ತದೆ. ನಿಮ್ಮ ಕಡ್ಡಿ ಅದರಲ್ಲಿ ಸಲೀಸಾಗಿ ದಾಟುತ್ತಿತ್ತು. ನಮ್ಮದಕ್ಕೂ ಅದಕ್ಕೂ ನಂಟಿಲ್ಲ, ಬೇರೆಯದೇ ದಾರಿಯಲ್ಲಿ ಬಂದದ್ದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಒಂದೇ ಮೂಗಿನ ಲ್ಯಾಂಪ್ರೇಗೆ ವಾಸನೆ ಮಂದವೇ?

ಉತ್ತರ: ಖಂಡಿತ ಅಲ್ಲ. ಸಾಲ್ಮನ್ ಮೀನು ಹುಟ್ಟಿದ ಹೊಳೆಯ ವಾಸನೆ ನೆನಪಿಟ್ಟು ತವರಿಗೆ ಮರಳುತ್ತದೆ. ಸಮುದ್ರದ ಲ್ಯಾಂಪ್ರೇಗೆ ತವರಿನ ಹಂಬಲವಿಲ್ಲ. ಯಾವ ಹೊಳೆಯ ಕೆಸರಿನಲ್ಲಿ ತನ್ನ ಜಾತಿಯ ಮರಿಗಳಿವೆಯೋ ಆ ಹೊಳೆಯನ್ನು ಅವು ಬಿಡುವ ಪಿತ್ತಾಮ್ಲದ ವಾಸನೆಯಿಂದ ಗುರುತಿಸಿ ಅಲ್ಲಿಗೇ ಮೊಟ್ಟೆಯಿಡಲು ಹೋಗುತ್ತದೆ. ಮರಿಗಳು ಬದುಕಿವೆ ಎಂದರೆ ಹೊಳೆ ಚೆನ್ನಾಗಿದೆ ಎಂದು ತಾನೇ ಅರ್ಥ? ಸಿದ್ಧವಾದ ಗಂಡು ಬಿಡುವ ಇನ್ನೊಂದು ವಾಸನೆ ಹೆಣ್ಣನ್ನು ಗೂಡಿನವರೆಗೆ ಎಳೆಯುತ್ತದೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ ಬೇರೆ ಮೀನುಗಳಿಗೆ ಅಂಟಿ ರಕ್ತ ಹೀರುವ ಈ ಪರಾವಲಂಬಿ ಲ್ಯಾಂಪ್ರೇಯ ಕಾಟ ವಿಪರೀತ. ಅದೇ ವಾಸನೆಯನ್ನು ತಯಾರಿಸಿ ಬೋನಿಗೆ ಬೀಳಿಸುವ ಪ್ರಯೋಗಗಳು ಅಲ್ಲಿ ನಡೆದಿವೆ.

ವಾಸನೆ ಗ್ರಹಿಸುವ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಇಲಿಯಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವಂಥವು ಸುಮಾರು 400. ಮೀನುಗಳಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ, ಆದರೆ ಈ ಜೀನ್ ಕುಟುಂಬದ ಹಳೆಯ ಕವಲುಗಳು ಹೆಚ್ಚು ಉಳಿದಿವೆ. ನಮ್ಮಲ್ಲಿ ಒಂದೆರಡು ಕವಲುಗಳೇ ಹರಡಿಕೊಂಡಿವೆ, ಉಳಿದವು ಕಳೆದುಹೋಗಿವೆ.

ಮೇಷ್ಟ್ರೇ, ಕಾಟ್ಲಾದ ತಲೆ ಇನ್ನೂ ಇದ್ದರೆ ಹೊರಳೆಯ ಸುತ್ತಲಿನ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ, ನೀರು ತುಂಬಿದ ತಟ್ಟೆಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಒಳಗಿನ ಘ್ರಾಣ ಪದರ ಎಸಳೆಸಳಾದ ಹೂವಿನಂತೆ ಕಾಣುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ. ಎಡಗಡೆಯದು ನನ್ನ ಕಡ್ಡಿಯಿಂದಲೇ ಹರಿದುಹೋಗಿತ್ತು. ಬಲಗಡೆಯ ಎಸಳು ಎಣಿಸುತ್ತಿದ್ದೆ. ಅಷ್ಟರಲ್ಲಿ ಸಾರಿಗೆ ತಲೆ ಬೇಕೆಂದು ಮನೆಯಿಂದ ಕರೆ ಬಂತು.