ಅಪ್‌ಡೇಟ್: ಕಿಲೋಮೀಟರ್ ಆಗಿಲ್ಲ, ವರ್ಷ ಆಗಿದೆ. ಕೊನೆಗೂ ಆಯಿಲ್ ಬದಲಿಸಿದೆ

ಮಂಡ್ಯದೊಳಗೇ ಓಡಾಡುವ ನನ್ನ ಪೆಟ್ರೋಲ್ ಕಾರು ವರ್ಷಕ್ಕೆ 4,000 ಕಿ.ಮೀ. ಕೂಡ ಓಡುವುದಿಲ್ಲ, ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಕೆಲಸಕ್ಕೆ ಬಂದಿದ್ದು "ಸುಮ್ನೆ ಗಾಡಿ ಜೊತೆ ಬಂದ ಪುಸ್ತಕ ತೆಗೆದು ನೋಡಿ" ಅಂದವರ ಮಾತು. 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಅಂತ ನನ್ನ ಕಾರಿನ ಪುಸ್ತಕದಲ್ಲೇ ಇತ್ತು. ಫಿಲ್ಟರನ್ನೂ ಜೊತೆಗೇ ಬದಲಿಸಿದೆ. ಹಳೇ ಫಿಲ್ಟರ್ ಒಳಗೂ ಒಂದಿಷ್ಟು ಕೊಳೆ ಆಯಿಲ್ ಉಳಿದಿರುತ್ತದೆ, ಅಲ್ವಾ?

ಬಣ್ಣ ನೋಡಿ ತೀರ್ಮಾನಿಸಿ ಅನ್ನುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಮಸಿ ಹಿಡಿದಿಟ್ಟುಕೊಳ್ಳುವುದೂ ಆಯಿಲ್ ಕೆಲಸವೇ, ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ ಅಂದರು ಗ್ಯಾರೇಜಿನ ಅಣ್ಣ. ಎಂಜಿನ್ ಒಳಗೆ ತೊಳೆಯುವ ಫ್ಲಶ್ ದ್ರವ ಹಾಕಿಸುವುದಂತೂ ಬೇಡವೇ ಬೇಡ ಅಂದರು.

ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಕಡಿಮೆ ಓಡುವ ಗಾಡಿಗೇ ಆಯಿಲ್ ಕಾಟ ಜಾಸ್ತಿಯಂತೆ! ಮನೆಯಿಂದ ಮಾರ್ಕೆಟ್‌ಗೆ ಹೋಗಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನ ಪಸೆ, ಉರಿಯದ ಪೆಟ್ರೋಲ್ ಆವಿಯಾಗದೆ ಆಯಿಲ್‌ನಲ್ಲೇ ಸೇರಿಕೊಳ್ಳುತ್ತವೆ. ಹಾಗಾಗಿ ಈಗ ಆಗಾಗ ಶ್ರೀರಂಗಪಟ್ಟಣದ ತನಕ ಒಂದು ಸುತ್ತು ಹೋಗಿ ಬರುತ್ತೇನೆ. ಮನೆಯವರಿಗೂ ಖುಷಿ.

ಇನ್ನೊಂದು, ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್ರೇ ಹಾಕಿಸಿ. ಹಳೆಯದಾದರೆ ಸೋರಬಹುದು.